ನೋಟಿಸ್ ಕೊಡದೆ ಅಳೆದ ಊರು

ಹಾಸನ

ನಂಬಿ ಕೆಟ್ಟ ಸರ್ವೇಯರ್‌ಗಳನ್ನು ನೋಡಿದ್ದೇನೆ, ಅನುಮಾನಪಟ್ಟು ಕೆಟ್ಟವನನ್ನು ನೋಡಿಲ್ಲ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲೂಕುಗಳಲ್ಲಿ ಮೂವತ್ತನಾಲ್ಕು ವರ್ಷ ಜಮೀನು ಅಳೆದವನು ನಾನು. ನೆಟ್ಟ ಬಾಂದುಕಲ್ಲು ರಾತ್ರೋರಾತ್ರಿ ಎದ್ದು ಪಕ್ಕದವನ ಹೊಲದೊಳಕ್ಕೆ ನಾಲ್ಕು ಅಡಿ ನಡೆದುಕೊಂಡು ಹೋಗಿರುವುದನ್ನು ಎಷ್ಟು ಸಲ ಕಂಡಿಲ್ಲ. ಕಲ್ಲನ್ನೇ ನಂಬುವ ಹಾಗಿಲ್ಲ ಎಂದ ಮೇಲೆ ಮನುಷ್ಯರ ಮಾತೇನು. ಹೀಗಾಗಿ ಅನುಮಾನ ನನಗೆ ರಕ್ತದ ಒತ್ತಡದ ಹಾಗೆ ಕಾಯಂ ಆಗಿಹೋಗಿದೆ.

ನಾನು ವಿಮಾನ ಹತ್ತಿದ್ದೂ ಅನುಮಾನದ ದೆಸೆಯಿಂದಲೇ. ಕೊಣನೂರಿನಲ್ಲಿರುವ ನನ್ನಕ್ಕನ ಮಗಳು ಸುಜಾತ ನೆದರ್ಲೆಂಡ್ಸ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಉಪಗ್ರಹ ತೆಗೆದ ಚಿತ್ರಗಳಿಂದ ನೆಲ ಎಲ್ಲಿ ಕುಸಿಯುತ್ತಿದೆ, ಎಲ್ಲಿ ಉಬ್ಬುತ್ತಿದೆ ಎಂದು ಕೂದಲೆಳೆಯಷ್ಟು ವ್ಯತ್ಯಾಸವೂ ಲೆಕ್ಕಕ್ಕೆ ಸಿಗುವಂತೆ ಅಳೆಯುವ ವಿದ್ಯೆ ಅವಳದು. ಹೈಸ್ಕೂಲು, ಪಿಯುಸಿ ಓದಿದ್ದು ಹಾಸನದ ನಮ್ಮ ಮನೆಯಲ್ಲಿದ್ದುಕೊಂಡು. ಅಳತೆಯ ಹುಚ್ಚು ನನ್ನಿಂದಲೇ ಅಂಟಿತು ಎಂದು ನಾನು ನಾಲ್ಕು ಜನರ ಎದುರು ಹೇಳಿಕೊಳ್ಳುವುದುಂಟು.

ಅಕ್ಕ ಒಂದು ಭಾನುವಾರ ಬಸ್ ಹತ್ತಿ ಹಾಸನಕ್ಕೇ ಬಂದಳು. ಬಂದವಳು ನೀರನ್ನೂ ಕುಡಿಯದೆ ಶುರು ಮಾಡಿದಳು.

“ಎರಡ್ ತಿಂಗ್ಳಾಯ್ತು ಕಣ್ಲಾ. ಕೆಲ್ಸುದ್ ಮಾತೆತ್ತುದ್ರೆ ಮಾತ್ ಮರುಸ್ತಾಳೆ. ಊಟ ಆಯ್ತಾ ಅಂದ್ರೆ ಆಯ್ತು ಅಂತಾಳೆ, ಏನುಂಡೆ ಅಂದ್ರೆ ಏಳಕ್ಕಿಲ್ಲ. ಏನೋ ಐತೆ.”

“ಏನಿರುತ್ತಕ್ಕ?”

“ಅದ್ಕೇ ನಿನ್ನ ಓಗು ಅನ್ನದು. ಯಾವನ್ನಾರ ಕಟ್ಕಂಡವಳೋ ಏನೋ. ಕಟ್ಕಂಡ್ರೆ ಕಟ್ಕಳ್ಳಿ, ನಂಗೇಳ್ಬೇಕಲ್ವಾ. ಹೊಲದ್ ಕಲ್ಲು ಎಲ್ಲೈತೆ ಅಂತ ಕಂಡಿಡಿಯವ್ನು, ಇದ ಕಂಡಿಡಿಯಕಾಗಲ್ವಾ ನಿಂಗೆ?”

ಸುಜಾತಳಿಗೆ ‘ಊರು ನೋಡಲು ಬರುತ್ತೇನೆ’ ಎಂದು ಹೇಳಿದೆ. ಮೊದಲ ಸುಳ್ಳು ನನ್ನದೇ. ಇದನ್ನು ಮುಂದೆ ಅವಳ ಸುಳ್ಳನ್ನು ಹಿಡಿಯಹೊರಟಾಗ ನಾನು ಮರೆತಿದ್ದೆ.

ಮೊದಲ ದಿನ: ಗಾಜಿನ ಗೂಡು

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವವನು ಗಾಜಿನ ಗೂಡಿನೊಳಗೆ ಕೂತಿದ್ದ. ಎಲ್ಲಿಂದ ಬಂದಿರಿ, ಯಾರ ಮನೆಗೆ, ಎಷ್ಟು ದಿನ ಎಂದು ನಗುನಗುತ್ತಾ ಕೇಳಿದ. ನಮ್ಮ ಕಡೆ ಹಳ್ಳಿಗೆ ಅಳತೆಗೆ ಹೋದರೆ ಮೊದಲು ಎದುರಾಗುವುದೂ ಇದೇ ಪ್ರಶ್ನೆ. “ಯಾವೂರು ಸಾ? ಯಾವ ಕಡೆಯೋರು?” ಎನ್ನುತ್ತಾರೆ. ನಮ್ಮದು ಬೌದ್ಧರ ಮನೆ. ಊರ ಹೆಸರಿನ ಹಿಂದೆ ಕೇರಿಯ ಹೆಸರು ಬರಲಿ ಎಂದು ಕಾಯುವ ಆ ಮುಖಗಳು ನನಗೆ ಹೊಸವಲ್ಲ. ಉತ್ತರ ಸಿಕ್ಕ ಮೇಲೆ ಕೆಲವರು ಜಗಲಿಗೆ ಕರೆದು ಕೂರಿಸುತ್ತಿದ್ದರು, ಕೆಲವರಿಗೆ ಇದ್ದಕ್ಕಿದ್ದಂತೆ ಬೇರೆ ಕೆಲಸ ನೆನಪಾಗುತ್ತಿತ್ತು. ಗಾಜಿನ ಗೂಡಿನವನು ಮಾತ್ರ ಏನೂ ತೋರಿಸಿಕೊಳ್ಳದೆ ಮುದ್ರೆ ಒತ್ತಿದ. ಅಷ್ಟು ಸಲೀಸಾಗಿ ಬಿಟ್ಟದ್ದೇ ನನಗೆ ಅನುಮಾನ ತರಿಸಿತು.

ಅನುಮಾನ ಸುಳ್ಳಾಗಲಿಲ್ಲ. ಮುಂದೆ ಇನ್ನೊಬ್ಬ ನನ್ನ ಚೀಲ ಬಿಚ್ಚಿ ಹಿತ್ತಾಳೆಯ ದಿಕ್ಸೂಚಿ ಹೊರತೆಗೆದ. ನಿವೃತ್ತಿಯಾದ ಮೇಲೂ ಅದು ನನ್ನ ಜೇಬು ಬಿಟ್ಟಿಲ್ಲ. ಅತ್ತಿತ್ತ ತಿರುಗಿಸಿ ನೋಡಿ, ಫೋನಿನಲ್ಲೇ ಇದೆಲ್ಲ ಇರುತ್ತಲ್ಲ ಎಂದ. ಫೋನಿನ ಉತ್ತರ ದಿಕ್ಕನ್ನು ನಾನು ನಂಬುವುದಿಲ್ಲ ಎಂದೆ. ಹಿಂದಿರುಗಿಸುವಾಗ ಅವನು ನನ್ನನ್ನು ಇನ್ನೊಮ್ಮೆ ನೋಡಿದ.

ಮೂರನೆಯ ದಿನ: ಪರದೆ ಇಲ್ಲದ ಬೀದಿ

ಆ ಊರಿನ ಮನೆಗಳಿಗೆ ದೊಡ್ಡ ದೊಡ್ಡ ಗಾಜಿನ ಕಿಟಕಿ, ಪರದೆ ಮಾತ್ರ ಇಲ್ಲ. ಬೀದಿಯಲ್ಲಿ ಹೋಗುವವರಿಗೆ ಒಳಗೆ ಉಣ್ಣುವವರು, ಓದುವವರು, ಬೆಕ್ಕಿನ ತಲೆ ಸವರುವವರು ಎಲ್ಲ ಕಾಣುತ್ತಾರೆ. ನಮ್ಮಲ್ಲಿ ಹೀಗೆ ಬಿಟ್ಟರೆ ಸಂಜೆಯೊಳಗೆ ಮನೆಯ ಸಾರಿನ ರುಚಿಯೂ ಊರಿಗೆ ಗೊತ್ತಾಗಿಬಿಡುತ್ತದೆ. ವಿಚಿತ್ರವೆಂದರೆ ಅಲ್ಲಿ ಯಾರೂ ಒಳಗೆ ನೋಡುವುದಿಲ್ಲ. ನೋಡಿದವನು ನಾನೊಬ್ಬನೇ.

ಕೆಳಗಿನ ಮನೆಯ ಅಜ್ಜಿ ನಮ್ಮನ್ನು ಕಾಫಿಗೆ ಕರೆದಳು. ಕರೆಯುವ ಮೊದಲು ಡೈರಿ ತೆಗೆದು, ಶನಿವಾರ ಹತ್ತೂವರೆಗೆ ಆಗುತ್ತದೆಯೇ ಎಂದು ಸುಜಾತಳನ್ನು ಕೇಳಿ, ಬರೆದುಕೊಂಡಳಂತೆ. ಒಂದೇ ಮೆಟ್ಟಿಲು ಹತ್ತಿಳಿಯುವ ನೆರೆಯವರು, ಕಾಫಿಗೂ ನೋಟಿಸ್ ಕೊಡುವ ಜನ. ಹೋದರೆ ಒಂದೊಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದಳು. ಇನ್ನೊಂದಕ್ಕೆ ಕೈ ಚಾಚಿದರೆ ಏನು ಮಾಡುತ್ತಾಳೋ ನೋಡೋಣ ಎನ್ನಿಸಿತು. ಸುಜಾತ ಕಣ್ಣಲ್ಲೇ ಗದರಿದಳು.

ಅಷ್ಟರಲ್ಲಿ ನನ್ನ ತನಿಖೆಯೂ ಶುರುವಾಗಿತ್ತು. ಎಲ್ಲಿಗೆ ಹೋದರೂ ನನ್ನ ಬಳಿ ಉದ್ದನೆಯ ಒಂದು ಪುಸ್ತಕ ಇರುತ್ತದೆ. ಹೊಸ ಊರಿಗೆ ಹೋದರೆ ಉತ್ತರಕ್ಕೆ ಬಾಣ ಹಾಕಿ, ಹೆಜ್ಜೆ ಎಣಿಸಿ, ದಾರಿಯ ಗುರುತುಗಳನ್ನು ನಕಾಶೆಯ ಹಾಗೆ ಬರೆದುಕೊಳ್ಳುತ್ತೇನೆ. ನನ್ನ ಹೆಜ್ಜೆ ಎರಡೂವರೆ ಅಡಿ, ಹದಿಮೂರು ಹೆಜ್ಜೆ ಇಟ್ಟರೆ ಹೆಚ್ಚುಕಡಿಮೆ ನಮ್ಮ ಹಳೆಯ ಮೂವತ್ತಮೂರು ಅಡಿ ಸರಪಳಿಯ ಅಳತೆ. ತಿರುಪತಿಯ ಕ್ಯೂ ನೋಡಲು ಹೋದಾಗಲೂ ಬರೆದಿದ್ದೆ. ಆ ಪುಸ್ತಕದಲ್ಲಿ ಮೂರನೆಯ ದಿನ ಹೀಗೆ ಬರೆದೆ: ‘ಬಾಗಿಲ ಹಿಂದೆ ಗಂಡಸಿನ ಮಳೆ ಕೋಟು. ಇವಳ ಅಳತೆಯದಲ್ಲ. ಯಾರದು?’

ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಕೇಳಿ ತಿಳಿದುಕೊಂಡದ್ದಕ್ಕಿಂತ ಕಂಡುಹಿಡಿದದ್ದಕ್ಕೆ ಬೆಲೆ ಹೆಚ್ಚು ಎನ್ನುವುದು ನನ್ನ ಕಸುಬಿನ ದೋಷ.

ಐದನೆಯ ದಿನ: ಕೆಂಪು ಇಟ್ಟಿಗೆಯ ಕಟ್ಟಡ

ಸೋಮವಾರ ಬೆಳಿಗ್ಗೆ ಅವಳು ಲ್ಯಾಬಿಗೆಂದು ಹೊರಟಳು. ಹಿಂದೊಮ್ಮೆ ಕಳಿಸಿದ್ದ ಫೋಟೊದಲ್ಲಿ ಅವಳ ಲ್ಯಾಬು ಕಂಡಿತ್ತು. ಕೆಂಪು ಇಟ್ಟಿಗೆ, ಮೇಲೆ ಬಿಳಿಯ ದೊಡ್ಡ ತಟ್ಟೆಯಂಥ ಆಂಟೆನಾ. ಅದು ದೂರಕ್ಕೇ ಕಾಣುತ್ತದೆ. ನಾನೂ ಮಧ್ಯಾಹ್ನ ಅಲ್ಲಿಗೆ ಹೋಗಿ ಎದುರಿನ ಬೆಂಚಿನಲ್ಲಿ ಕೂತೆ. ಊಟದ ಹೊತ್ತಿಗೆ ಹೊರಗೆ ಬರುತ್ತಾಳೆ, ಕೋಟಿನವನೂ ಜೊತೆಯಲ್ಲಿರುತ್ತಾನೆ ಎಂಬುದು ನನ್ನ ಲೆಕ್ಕ.

ಬರಲಿಲ್ಲ. ಬೇರೆ ಬಾಗಿಲಿನಿಂದ ಹೋಗಿರಬಹುದೆಂದು ಕಟ್ಟಡವನ್ನು ಒಂದು ಸುತ್ತು ಹಾಕಿದೆ. ಸುತ್ತಿದ ಮೇಲೆ ಬರೆಯದಿದ್ದರೆ ನನಗೆ ಉಂಡ ಕೈ ತೊಳೆಯದ ಹಾಗೆ. ನಾಲ್ಕು ಬಾಗಿಲು ಗುರುತು ಮಾಡಿ ಚಕ್ಕುಬಂದಿ ಬರೆದೆ. ಪೂರ್ವಕ್ಕೆ ಸೈಕಲ್ ನಿಲ್ಲಿಸುವ ಜಾಗ, ಪಶ್ಚಿಮಕ್ಕೆ ನೀರಿನ ಕಾಲುವೆ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ತಂತಿ ಬೇಲಿ. ಒಳಗೆ ಹೋಗುವವರೆಲ್ಲ ಕೊರಳಿನ ಕಾರ್ಡನ್ನು ಬಾಗಿಲಿಗೆ ತೋರಿಸುತ್ತಿದ್ದರು. ಮನೆಗೆ ಪರದೆ ಹಾಕದ ಜನ ಇಲ್ಲಿ ಬಾಗಿಲಿಗೇ ಕಣ್ಣು ಕೂರಿಸಿದ್ದಾರಲ್ಲ ಎಂದುಕೊಂಡೆ.

ಸಂಜೆ ಕೇಳಿದೆ. “ಲ್ಯಾಬಲ್ಲಿ ಕೆಲ್ಸ ಜಾಸ್ತಿನಾ ಕೂಸೆ?”

“ತುಂಬಾ ಮಾವ. ಊಟಕ್ಕೂ ಎದ್ದೇಳೋಕಾಗಲಿಲ್ಲ.”

ಹೇಳುವಾಗ ಅವಳು ಅನ್ನದ ಪಾತ್ರೆಯನ್ನು ನೋಡುತ್ತಿದ್ದಳು.

ಆರನೆಯ ದಿನ: ಗ್ರಂಥಾಲಯ

ಮರುದಿನ ಅವಳ ಹಿಂದೆಯೇ ಹೊರಟೆ. ನಾಚಿಕೆ ಆಗಲಿಲ್ಲವೇ ಎಂದು ಕೇಳಬಹುದು. ಆಗ ಆಗಲಿಲ್ಲ. ಬೇಟೆಯ ಹುಮ್ಮಸ್ಸಿನಲ್ಲಿ ನಾಚಿಕೆ ಹಿಂದೆ ಉಳಿದುಬಿಡುತ್ತದೆ.

ಬ್ರೆಡ್ಡಿನ ಅಂಗಡಿ ದಾಟಿ, ಸೇತುವೆ ದಾಟಿ, ಕೆಂಪು ಕಟ್ಟಡದ ಕಡೆ ತಿರುಗಬೇಕಾದಲ್ಲಿ ಅವಳು ಎಡಕ್ಕೆ ಹೊರಳಿದಳು. ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದಳು. ಮುದುಕರು ಪತ್ರಿಕೆ ಓದುವ ಜಾಗದ ಆಚೆ, ಕಿಟಕಿಯ ಪಕ್ಕದ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ನಾನು ರಸ್ತೆಯಾಚೆ ನಿಂತೆ. ಹನ್ನೆರಡೂವರೆಗೆ ಡಬ್ಬಿ ತೆಗೆದು ತಿಂದಳು. ಯಾರೂ ಬರಲಿಲ್ಲ. ಎರಡು ಗಂಟೆಗೆ ಕಿಟಕಿಯಾಚೆ ನೋಡಿದಾಗ ನಾನು ಮರದ ಹಿಂದೆ ಸರಿದೆ. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ಏನನ್ನೂ ಅಲ್ಲ.

ಎಲ್ಲವನ್ನೂ ಬರೆದುಕೊಂಡೆ.

ಏಳನೆಯ ದಿನ: ಬಿಳಿ ಕೋಣೆ

ಅವಳಿಗೆ ಆ ಲ್ಯಾಬಿನಲ್ಲಿ ನಿಜಕ್ಕೂ ಕೆಲಸ ಇದೆಯೋ ಇಲ್ಲವೋ ನೋಡಿಯೇಬಿಡುವುದೆಂದು ಬುಧವಾರ ಮತ್ತೆ ಕೆಂಪು ಕಟ್ಟಡಕ್ಕೆ ಹೋದೆ. ಬಾಗಿಲ ಬಳಿಯ ಹೆಸರಿನ ಫಲಕದಲ್ಲಿ ಅವಳ ಹೆಸರು ಹುಡುಕಿದೆ. ಇರಲಿಲ್ಲ. ಫಲಕವನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಗ ಭುಜವನ್ನು ಯಾರೋ ಬೆರಳಿನಿಂದ ತಟ್ಟಿದರು. ಕಾವಲುಗಾರ. ಬಾಗಿಲ ಅಳತೆಗೇ ಮಾಡಿಸಿದ ಹಾಗಿದ್ದ. ಸೋಮವಾರದಿಂದಲೂ ನೀವು ಕ್ಯಾಮೆರಾದಲ್ಲಿದ್ದೀರಿ ಎಂದು ಬಹಳ ಮರ್ಯಾದೆಯಿಂದ ಹೇಳಿದ.

ಒಳಗಿನ ಬಿಳಿ ಕೋಣೆಯಲ್ಲಿ ಕೂರಿಸಿದರು. ಜೇಬಿನ ದಿಕ್ಸೂಚಿ ಮೇಜಿನ ಮೇಲೆ ಬಂತು. ಪಕ್ಕದಲ್ಲಿ ನನ್ನ ಪುಸ್ತಕ, ತೆರೆದ ಪುಟದಲ್ಲಿ ನಾಲ್ಕು ಬಾಗಿಲು, ಬೇಲಿ, ಉತ್ತರದ ಬಾಣ, ಸುತ್ತ ಅವರಿಗೆ ಓದಲು ಬಾರದ ಅಕ್ಷರ. ನನ್ನ ಕಣ್ಣಿಗೇ ಅದು ಬೇರೆಯಾಗಿ ಕಾಣತೊಡಗಿತು. ಅವರ ಜಾಗದಲ್ಲಿದ್ದರೆ ನಾನೂ ನನ್ನನ್ನು ಬಿಡುತ್ತಿರಲಿಲ್ಲ.

ನನ್ನ ಮುರುಕು ಇಂಗ್ಲಿಷಿನಲ್ಲಿ ಸುಜಾತಳ ಹೆಸರು ಹೇಳಿದೆ. ಅರ್ಧ ಗಂಟೆಯಲ್ಲಿ ಅವಳು ಬಂದಳು. ಜೊತೆಗೆ ವಿಶ್ವವಿದ್ಯಾಲಯದ ಭದ್ರತಾ ವಿಭಾಗದ ಅಧಿಕಾರಿ, ಕೂದಲು ನರೆತ, ಮೆಲುದನಿಯ ಹೆಂಗಸು. ಅವಳು ಸುಜಾತಳಿಗೆ ಹೊಸಬಳಲ್ಲ ಎಂಬುದು ಇಬ್ಬರೂ ಕೂತ ರೀತಿಯಲ್ಲೇ ತಿಳಿಯಿತು.

“ಈ ನಕಾಶೆಯ ಪುಟದಿಂದ ಓದಿ ಅನುವಾದ ಮಾಡುತ್ತೀರಾ?” ಎಂದಳು ಅಧಿಕಾರಿ. “ಬೇರೆಯವರಿಂದಲೂ ಓದಿಸುತ್ತೇವೆ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ.”

ಸುಜಾತ ಓದತೊಡಗಿದಳು. ಸೈಕಲ್ ಜಾಗ, ಕಾಲುವೆ, ಬೇಲಿ. ಚಕ್ಕುಬಂದಿ ಎಂದರೆ ಏನೆಂದು ವಿವರಿಸಿದಳು, ನನ್ನ ಮಾವ ಎಲ್ಲಿ ಹೋದರೂ ಇದನ್ನೇ ಮಾಡುತ್ತಾರೆ ಎಂದಳು. ಅಧಿಕಾರಿಯ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಪುಟ ತಿರುಗಿತು. ಆರನೆಯ ದಿನದ ಪುಟ.

“ಆ ಪುಟ ಬುಟ್ಬುಡವ್ವಾ,” ಎಂದೆ.

“ಏನೆಂದರು?” ಅಧಿಕಾರಿ ಕೇಳಿದಳು.

ಸುಜಾತ ನನ್ನನ್ನು ನೋಡಲಿಲ್ಲ. “ಆ ಪುಟ ಬಿಟ್ಟುಬಿಡು ಅಂದರು.”

“ಹಾಗಾದರೆ ಅದನ್ನು ಓದಲೇಬೇಕು.”

ಓದಿದಳು. ಮೊದಲು ಕನ್ನಡದಲ್ಲಿ ಮೆಲ್ಲಗೆ, ಆಮೇಲೆ ಇಂಗ್ಲಿಷಿನಲ್ಲಿ. “ಎಂಟು ಇಪ್ಪತ್ತಕ್ಕೆ ಮನೆ ಬಿಟ್ಟಳು. ಬ್ರೆಡ್ಡಿನ ಅಂಗಡಿಗೆ ಮುನ್ನೂರ ನಲವತ್ತು ಹೆಜ್ಜೆ. ಸೇತುವೆ ಮೇಲೆ ನಿಂತು ಫೋನು ನೋಡಿದಳು. ಲ್ಯಾಬಿಗೆ ಹೋಗಲಿಲ್ಲ. ಗ್ರಂಥಾಲಯ. ಕಿಟಕಿ ಪಕ್ಕದ ಮೇಜು. ಒಬ್ಬಳೇ. ಡಬ್ಬಿಯಿಂದ ತಿಂದಳು. ಒಬ್ಬಳೇ. ಯಾಕೆ ಸುಳ್ಳು ಹೇಳುತ್ತಿದ್ದಾಳೆ?”

ಎರಡನೆಯ ‘ಒಬ್ಬಳೇ’ಗೆ ಬಂದಾಗ ಮೇಜಿನ ಮೇಲಿದ್ದ ಲೋಟ ಎತ್ತಿಕೊಂಡಳು. ನೀರು ಕುಡಿದು ಮುಂದೆ ಓದಿದಳು.

“ನಿಮ್ಮನ್ನು ಯಾರಿಗಾಗಿ ಹಿಂಬಾಲಿಸುತ್ತಿದ್ದಾರೆ?” ಅಧಿಕಾರಿ ಕೇಳಿದಳು.

“ನಮ್ಮಮ್ಮನಿಗಾಗಿ.”

ಅಧಿಕಾರಿ ತುಟಿ ಬಿಗಿಹಿಡಿದು ನಗು ತಡೆದಳು. ನನಗೆ ಜೀವ ಬಂದಂತಾಯಿತು. ನಾನು ಯಾವ ದೇಶದ ಬೇಹುಗಾರನೂ ಅಲ್ಲ, ನನ್ನಕ್ಕನ ಬೇಹುಗಾರ ಎಂದು ಅವಳಿಗೆ ಮನವರಿಕೆಯಾಗಿತ್ತು. ಅಲ್ಲಿಗೇ ಮುಗಿದಿದ್ದರೆ ಇದನ್ನು ಮನೆಮನೆಯಲ್ಲೂ ಹೇಳಿ ನಗಿಸುತ್ತಿದ್ದೆ. ಆದರೆ ಅವಳು ಪುಟವನ್ನು ಹಿಂದಕ್ಕೆ ತಿರುವಿ, ಇಲ್ಲೊಂದು ಪ್ರಶ್ನೆಯ ಗುರುತು ಇದೆಯಲ್ಲ, ಇದೇನು ಎಂದಳು.

ಮಳೆ ಕೋಟು.

ಸುಜಾತ ಇದ್ದದ್ದನ್ನು ಇದ್ದ ಹಾಗೆ ಓದಿದಳು. ಕೋಟು ಯಾರದೆಂದು ಅಧಿಕಾರಿ ಕೇಳಿದಳು. ಸುಜಾತ ಪುಸ್ತಕ ಮುಚ್ಚಿಟ್ಟು ಒಂದು ಹೆಸರು ಹೇಳಿದಳು. ಅಲ್ಲಿಯವರೆಗೆ ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದ ಪೆನ್ನನ್ನು ಅಧಿಕಾರಿ ಕೈಗೆತ್ತಿಕೊಂಡು, ಆ ಹೆಸರು ಬರೆದುಕೊಂಡಳು.

ಅದೇ ದಿನ: ಸೇತುವೆ

ದಿಕ್ಸೂಚಿ ಕೊಟ್ಟರು, ಪುಸ್ತಕ ಇಟ್ಟುಕೊಂಡರು. ಸೇತುವೆಯವರೆಗೂ ಸುಜಾತ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಅಲ್ಲಿ ಕಂಬಿಗೆ ಒರಗಿ ನಿಂತಳು.

“ಎರಡು ತಿಂಗಳಿಂದ ನನ್ನ ಕಾರ್ಡಿಗೆ ಆ ಬಾಗಿಲು ತೆಗೀತಿಲ್ಲ ಮಾವ,” ಎಂದಳು.

ವಿಷಯ ಇಷ್ಟು. ಹೊಲ ಕುಸಿಯುವುದನ್ನು ಕಾಣುವ ಅವಳ ವಿದ್ಯೆಗೆ ಸೈನ್ಯದ ವಿಮಾನ ಇಳಿಯುವ ನೆಲವೂ ಕಾಣುತ್ತದೆ, ನೆಲದಡಿ ಸುರಂಗ ತೋಡಿದ್ದೂ ಕಾಣುತ್ತದೆ. ದೇಶದ ಭದ್ರತೆಗೆ ಸಂಬಂಧಪಟ್ಟ ಇಂಥ ವಿಷಯಗಳಲ್ಲಿ ಹೊರದೇಶದ ವಿದ್ಯಾರ್ಥಿಗಳನ್ನು ಈಗ ಮತ್ತೊಮ್ಮೆ ಜರಡಿ ಹಿಡಿಯುತ್ತಿದ್ದಾರೆ. ಅವಳು ನಮ್ಮ ದೇಶದಲ್ಲಿ ಎಂಎಸ್ಸಿ ಓದಿದ ಸಂಸ್ಥೆ ಹಿಂದೆ ಯಾವಾಗಲೋ ರಕ್ಷಣಾ ಇಲಾಖೆಯ ಜೊತೆ ಒಂದು ಯೋಜನೆ ಮಾಡಿತ್ತಂತೆ. ಅದರ ಮುಖವನ್ನೂ ಇವಳು ನೋಡಿಲ್ಲ. ಆದರೂ ವಿಚಾರಣೆ ಮುಗಿಯುವ ತನಕ ಲ್ಯಾಬಿಲ್ಲ, ಅಲ್ಲಿನ ಚಿತ್ರಗಳಿಲ್ಲ. ಎರಡೂವರೆ ವರ್ಷದ ಕೆಲಸ ಬಾಗಿಲ ಒಳಗಡೆ, ಅವಳು ಹೊರಗಡೆ. ತೀರ್ಮಾನ ಇನ್ನೆರಡು ವಾರದಲ್ಲಿ ಬರಬೇಕಿತ್ತು.

“ಕೋಟು?”

“ಜೊತೆಗೆ ಕೆಲಸ ಮಾಡ್ತಿದ್ದ ಇರಾನಿನ ಹುಡುಗನದು. ಅವನಿಗೆ ಅನುಮತಿ ಸಿಗಲಿಲ್ಲ, ಹೊರಟುಹೋದ. ಸೂಟ್‌ಕೇಸಲ್ಲಿ ಜಾಗ ಇರಲಿಲ್ಲ ಅಂತ ಕೋಟು ನನಗೆ ಕೊಟ್ಟ. ಮಳೆಗೆ ನಾನೇ ಹಾಕ್ಕೊಳ್ತೀನಿ. ಇಷ್ಟೇ ಮಾವ. ಅವನ ಜೊತೆ ಈಗ ಮಾತಿದೆಯಾ ಅಂತ ಇಷ್ಟು ದಿನ ಅವರು ಕೇಳಿರಲಿಲ್ಲ. ಇನ್ನು ಕೇಳ್ತಾರೆ.”

ನಿಜ ಹೇಳುತ್ತೇನೆ, ಆ ಕಚೇರಿಯವರ ಮೇಲೆ ನನಗೆ ಪೂರ್ತಿ ಸಿಟ್ಟು ಬರಲಿಲ್ಲ. ನಕಾಶೆ ಯಾರ ಕೈಗೆ ಸಿಕ್ಕರೆ ಏನಾಗುತ್ತದೆಂದು ತಿಳಿದವನು ನಾನು. ತಾಲೂಕು ಕಚೇರಿಯ ದಾಖಲೆ ಕೋಣೆಯಿಂದ ಒಂದು ಹಾಳೆ ಕಾಣೆಯಾಗಿ ಒಂದು ಕುಟುಂಬ ಬೀದಿಗೆ ಬಂದದ್ದನ್ನು ಕಂಡಿದ್ದೇನೆ. ಕಾಯಬೇಕಾದದ್ದನ್ನು ಕಾಯಬೇಕು. ಆದರೆ ಕಾಯುವವನಿಗೆ ಕಲ್ಲು ಕಿತ್ತವನೂ, ಕಲ್ಲಿನ ಪಕ್ಕ ಹಾದುಹೋದವನೂ ಒಂದೇ ಆಗಿ ಕಂಡರೆ ಏನು ಮಾಡುವುದು. ನನಗೂ ಹಾಗೇ ಕಂಡಿತ್ತಲ್ಲ.

“ಅಮ್ಮಂಗೆ ಗೊತ್ತಾದ್ರೆ ಸ್ಕೂಲಲ್ಲಿ ಬಿಸಿಯೂಟ ಬೇಯಿಸಿ ಓದಿಸಿದ್ದು ದಂಡ ಆಯ್ತಾ ಅಂತ ಅಳ್ತಾಳೆ. ಅದಕ್ಕೆ ಹೇಳಿರಲಿಲ್ಲ,” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ಮಾವ, ಪಿಯುಸಿಲಿ ನಿನ್ನ ನೋಟಿಸ್‌ನೆಲ್ಲ ಬರೆದುಕೊಡ್ತಿದ್ದೋಳು ನಾನು. ನೆನಪಿದೆಯಾ?”

ನೆನಪಿಲ್ಲದೆ ಏನು. ಜಮೀನು ಅಳೆಯುವ ಮೊದಲು ಸುತ್ತಲಿನ ಬಾಜುದಾರರಿಗೆಲ್ಲ ಇಂಥ ದಿನ ಬರುತ್ತೇವೆ, ಹಾಜರಿರಿ ಎಂದು ನೋಟಿಸ್ ಕೊಡಬೇಕು. ಕೊಡದೆ ಅಳೆದರೆ ಅಳತೆ ಎಷ್ಟೇ ಸರಿಯಿದ್ದರೂ ಬಿದ್ದುಹೋಗುತ್ತದೆ. ಆ ನೋಟಿಸ್‌ಗಳು ಅವಳ ದುಂಡನೆಯ ಅಕ್ಷರದಲ್ಲಿ ಹೋಗುತ್ತಿದ್ದವು.

“ಅವರಾದ್ರೂ ಒಂದು ಕಾಗದ ಕಳಿಸಿದ್ರು ಮಾವ, ನಿನ್ನ ವಿಚಾರಣೆ ಮಾಡ್ತೀವಿ ಅಂತ. ನೀನು ಅದನ್ನೂ ಕೊಡಲಿಲ್ಲ.”

ನೀರಿನಲ್ಲಿ ಬಾತುಕೋಳಿಗಳು ಸಾಲಾಗಿ ಹೋಗುತ್ತಿದ್ದವು. ನಾನು ಅವನ್ನೇ ನೋಡುತ್ತಾ ನಿಂತೆ. ತಪ್ಪಾಯಿತು ಎಂದು ಹೇಳಿದ್ದು ಮನೆಗೆ ಬಂದು, ಕೈಕಾಲು ತೊಳೆದ ಮೇಲೆ.

ಇಪ್ಪತ್ತನೆಯ ದಿನ: ಕಾಗದ

ಮುಂದಿನ ಎರಡು ವಾರ ಊರು ನೋಡಿದೆ. ಸಮುದ್ರಕ್ಕಿಂತ ತಗ್ಗಿನಲ್ಲಿರುವ ಹೊಲಗಳು, ಬೇಲಿಯ ಬದಲು ನೀರಿನ ಕಾಲುವೆಯೇ ಗಡಿ. ನೀರು ಗಡಿಯಾದರೆ ರಾತ್ರೋರಾತ್ರಿ ಸರಿಸಲಾಗದು, ನಮ್ಮ ಹೇಮಾವತಿ ನಾಲೆಯ ಬಯಲಿನವರಿಗೆ ಇದನ್ನು ಹೇಳಬೇಕು ಎಂದುಕೊಂಡೆ. ಯಾವುದನ್ನೂ ಬರೆದುಕೊಳ್ಳಲಿಲ್ಲ. ಸುಜಾತಳ ಜೊತೆ ದಿನವೂ ಗ್ರಂಥಾಲಯಕ್ಕೆ ಹೋಗಿ, ಮುದುಕರ ಸಾಲಿನಲ್ಲಿ ಕೂತು ಅರ್ಥವಾಗದ ಪತ್ರಿಕೆಯ ಚಿತ್ರ ನೋಡುತ್ತಿದ್ದೆ. ಹನ್ನೆರಡೂವರೆಗೆ ಇಬ್ಬರೂ ಡಬ್ಬಿ ತೆರೆಯುತ್ತಿದ್ದೆವು.

ನಾನು ಹೊರಡುವ ಹಿಂದಿನ ದಿನ ಕಾಗದ ಬಂತು. ಓದು ಮುಂದುವರಿಸಬಹುದು. ಆ ಲ್ಯಾಬಿಗೆ ಹೋಗುವಂತಿಲ್ಲ, ಅಲ್ಲಿನ ಚಿತ್ರಗಳನ್ನು ಮುಟ್ಟುವಂತಿಲ್ಲ, ಈವರೆಗೆ ಮಾಡಿದ್ದನ್ನು ಪ್ರಬಂಧದಲ್ಲಿ ಸೇರಿಸುವಂತಿಲ್ಲ. ಯಾರು ಬೇಕಾದರೂ ನೋಡಬಹುದಾದ ಮೊಬ್ಬು ಚಿತ್ರಗಳನ್ನು ಇಟ್ಟುಕೊಂಡು ಮೊದಲಿನಿಂದ ಶುರುಮಾಡಬೇಕು. ಕಾರಣ ಬರೆದಿರಲಿಲ್ಲ.

ನಾನು ಆ ಕಾಗದವನ್ನು ಮೂರು ಸಲ ಓದಿಸಿಕೊಂಡೆ. ನನ್ನ ಪುಸ್ತಕದ ಸುದ್ದಿ ಎಲ್ಲೂ ಇರಲಿಲ್ಲ, ಕೋಟಿನ ಸುದ್ದಿಯೂ ಇರಲಿಲ್ಲ. ಇದ್ದಿದ್ದರೆ ಅಪರಾಧಿ ಯಾರೆಂದಾದರೂ ತಿಳಿಯುತ್ತಿತ್ತು.

“ನನ್ನಿಂದ ಆಯ್ತೇನವ್ವ ಇದು?”

“ಗೊತ್ತಿಲ್ಲ ಮಾವ,” ಎಂದಳು ಸುಜಾತ. ಇಲ್ಲ ಎನ್ನಲಿಲ್ಲ. ಸುಳ್ಳು ಹೇಳುವುದನ್ನು ಅವಳು ಬಿಟ್ಟಿದ್ದಳು.

ವಿಮಾನ ನಿಲ್ದಾಣದಲ್ಲಿ ಕಾಲಿಗೆ ನಮಸ್ಕಾರ ಮಾಡಿ, “ಅಮ್ಮಂಗೆ ನಾನೇ ಹೇಳ್ತೀನಿ. ನೀನು ಏನೂ ಹೇಳಬೇಡ,” ಎಂದಳು.

ಕೊಣನೂರು

ಸಂತೆಯ ದಿನವೇ ಕೊಣನೂರಿಗೆ ಹೋದೆ. ಬಸ್ಸಿನಲ್ಲಿ ಕುಂಬಳಕಾಯಿಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಕಾಫಿ ಕೊಟ್ಟು ಎದುರಿಗೆ ಕೂತಳು.

“ಯಾವನಾರ ಅವ್ನಾ?”

“ಯಾರೂ ಇಲ್ಲ ಕಣಕ್ಕ.”

“ಮತ್ತೇನ್ ಕಂಡೆ?”

“ಚೆನ್ನಾಗವಳೆ.”

“ಚೆನ್ನಾಗವಳೆ ಅಂತ ನಂಗೂ ಫೋನಲ್ಲೇ ಏಳ್ತಾಳೆ ಕಣ್ಲಾ. ಅದ್ಕೆ ಅಲ್ಲಿಗಂಟ ಓಗ್ಬೇಕಾಗಿತ್ತಾ ನೀನು? ನಿನ್ ಪುಸ್ತಕ ತೆಗಿ. ನೀನ್ ಬರೀದೆ ಇರವ್ನಲ್ಲ.”

“ಪುಸ್ತಕ ಅಲ್ಲೇ ಉಳ್ಕತು.”

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಮೂವತ್ತನಾಲ್ಕು ವರ್ಷ ನಾನೇ ಅದನ್ನು ಬೇರೆಯವರ ಮೇಲೆ ಬೀರಿದ್ದೇನೆ. “ನೀನೂ ಏನೋ ಮುಚ್ಚಿಕ್ತಾ ಇದ್ದೀಯ,” ಎಂದಳು.

ಅಷ್ಟರಲ್ಲಿ ಫೋನು ಬಂತು. ಸುಜಾತ. ಅಕ್ಕ ಎಂದಿನಂತೆ ಸ್ಪೀಕರ್ ಒತ್ತಿ ಮಂಚದ ಮೇಲಿಟ್ಟಳು.

“ಅಮ್ಮಾ, ನಿನ್ನ ಹತ್ರ ಒಂದು ವಿಷಯ ಹೇಳ್ಬೇಕು. ಮಾವ ಅಲ್ಲಿದಾನಾ?”

“ಇಲ್ಲೇ ಅವ್ನೆ, ಏಳವ್ವ.”

“ಮಾವ ಸ್ವಲ್ಪ ಹೊರಗೆ ಹೋಗಲಿ.”

ನಾನು ಎದ್ದು ಹೊರಗೆ ಬಂದೆ. ಹಿಂದಿನಿಂದ ಅಕ್ಕ ಬಾಗಿಲು ಹಾಕಿಕೊಂಡಳು. ಜಗಲಿಯಲ್ಲಿ ಕೂತರೆ ಒಳಗಿನ ಮಾತು ಕೇಳಿಸುತ್ತದೆ, ಅದು ನನಗೆ ಗೊತ್ತು. ಚಪ್ಪಲಿ ಮೆಟ್ಟಿಕೊಂಡು ಹೊಳೆಯ ಕಡೆ ನಡೆದೆ. ಎಷ್ಟು ಹೆಜ್ಜೆಯಾಯಿತೋ, ಎಣಿಸಲಿಲ್ಲ.